ಒಂದು ಕಿಲೋ ಓಂ

“ಅಜ್ಜಿ, ಸರಿಯಾಗಿ ಕೇಳುಸ್ಕೊ. ಸಾವಿರ ಮಿಲಿ ಓಂ ಸೇರುದ್ರೆ ಒಂದು ಓಂ. ಸಾವಿರ ಓಂ ಸೇರುದ್ರೆ ಒಂದು ಕಿಲೋ ಓಂ. ಸಾವಿರ ಕಿಲೋ ಓಂ ಸೇರುದ್ರೆ ಒಂದು ಮೆಗಾ ಓಂ. ಚಿಕ್ಕದ್ರಿಂದ ದೊಡ್ಡದುಕ್ಕೆ ಓಗ್ಬೇಕಾದ್ರೆ ಸಾವಿರದಿಂದ ಭಾಗುಸ್ಬೇಕು, ದೊಡ್ಡದ್ರಿಂದ ಚಿಕ್ಕದುಕ್ಕೆ ಬರ್ಬೇಕಾದ್ರೆ ಸಾವಿರದಿಂದ ಗುಣುಸ್ಬೇಕು. ನಂಗೆ ಬೇಕಾಗಿರೋದು ಒಂದು ಕಿಲೋ ಓಂ. ಬರೀ ಓಂ ತಂದ್ಬುಟ್ರೆ ಸುಟ್ಟೋಯ್ತದೆ. ಮೆಗಾ ತಂದ್ರೆ ಕೆಲ್ಸಕ್ಕೇ ಬರಕಿಲ್ಲ. ಕೆ.ಆರ್. ಪೇಟೇಲಿ ಸರ್ದಾರ್ ಪಾಷಾ ಅವ್ರ ರೇಡಿಯೋ ಅಂಗಡೀಲಿ ಕೇಳು. ಏನು ತರ್ಬೇಕು ಏಳು ನೋಡಾನ?”

“ಒಂದು ಕಿಲೋ ಓಂ,” ಎಂದೆ.

ಇದು ನಮ್ಮ ಮೊಮ್ಮಗಳು ಅರ್ಪಿತ ಒಂದು ಶುಕ್ರವಾರ ಬೆಳಿಗ್ಗೆ ನನಗೆ ಹೇಳಿದ ಮಾತು. ಒಂದಕ್ಷರ ಬಿಟ್ಟಿಲ್ಲ, ಒಂದಕ್ಷರ ಸೇರಿಸಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಕಣ್ಣು ಕೈಕೊಟ್ಟರೂ ಕಿವಿ ಕೈಕೊಟ್ಟಿಲ್ಲ. ಅಕ್ಕಿಹೆಬ್ಬಾಳಿನಲ್ಲಿ ಯಾರು ಯಾರಿಗೆ ಏನು ಹೇಳಿ ಕಳಿಸಬೇಕಾದರೂ “ಚಿಕ್ಕಬೋರಮ್ಮನ ಬಾಯಲ್ಲಿ ಕಳ್ಸು, ಟಪಾಲು ತಪ್ಪುದ್ರೂ ಅವಳು ತಪ್ಪಕಿಲ್ಲ” ಎನ್ನುತ್ತಾರೆ. ಇನ್ನು ತೂಕದ ವಿಷಯ. ನಾನು ತಕ್ಕಡಿ ಮುಂದೆ ನಿಂತರೆ ಅಂಗಡಿಯವನ ಬೆರಳು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಇಂಥ ನನ್ನ ಕೈಗೆ ಒಂದು ಕಿಲೋ ಸಾಮಾನು ತರುವ ಕೆಲಸ ಬಂದರೆ ಅದು ಒಂದು ಕೆಲಸವೇ?

ಅರ್ಪಿತ ಡಿಪ್ಲೊಮಾ ಓದುತ್ತಿದ್ದಳು. ಮಾರನೆಯ ದಿನ ಪ್ರಾಕ್ಟಿಕಲ್ ಪರೀಕ್ಷೆ. ತೊಟ್ಟಿ ತುಂಬಿದ ಕೂಡಲೇ ಕುಯ್ ಎಂದು ಕೂಗುವ ಒಂದು ಯಂತ್ರ ಮಾಡಿಕೊಂಡು ಹೋಗಬೇಕಾಗಿತ್ತು. ಕೂಗಿದರೆ ಪಾಸು. ಕೂಗದಿದ್ದರೆ ಒಂದು ವರ್ಷ ಮನೆಯಲ್ಲಿ. ಅದೋ ಉಸಿರೇ ಎತ್ತಿರಲಿಲ್ಲ. ಹುಡುಗಿ ಹೊಟ್ಟೆ ತೊಳಸ್ತದೆ ಅಂತ ರೊಟ್ಟಿ ಮುಟ್ಟದೆ ಎದ್ದಿದ್ದಳು. ನನಗೆ ಎಲ್ಲಾ ಅರ್ಥವಾಯಿತು. ಹೊಟ್ಟೆಗೆ ಓಂಕಾಳಿಗಿಂತ ಮದ್ದುಂಟೇ? ನಮ್ಮ ಕಡೆ ಓಂಕಾಳಿಗೆ ಬರೀ ಓಂ ಅಂತಲೇ ಅನ್ನುತ್ತೇವೆ. ಬೆಲ್ಲ ಸೇರಿಸದೆ ಬರೀ ಓಂ ಅಗಿದರೆ ನಾಲಿಗೆ ಸುಡುವುದೂ ನಿಜವೇ. ಮೆಗಾ ಅನ್ನುವುದು ಯಾವುದೋ ಕಂಪನಿಯ ಹೆಸರಿರಬೇಕು, ಕಲ್ಲು ಜಾಸ್ತಿ ಇರಬೇಕು. ಕಿಲೋ ಯಾಕೆ ಎಂದು ಒಂದು ಗಳಿಗೆ ಅನ್ನಿಸಿತು. ಜೊತೆಯ ಹುಡುಗಿಯರಿಗೂ ಪರೀಕ್ಷೆ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕನ್ನಡಕದ ಕಾಲು ಮುರಿದಿತ್ತು. ಅದನ್ನು ಕೂರಿಸಿಕೊಂಡು ಬರಲು ನಾನು ಹೇಗೂ ಕೆ.ಆರ್. ಪೇಟೆಗೆ ಹೊರಟಿದ್ದೆ. ಆ ಕೆಲಸ ಮುಗಿಸಿ ಹೋದರೆ ಸರ್ದಾರ್ ಪಾಷಾ ಅಂಗಡಿಗೆ ಬೀಗ. ಶುಕ್ರವಾರದ ನಮಾಜಿಗೆ ಹೋಗವ್ರೆ ಎಂದರು ಪಕ್ಕದ ಅಂಗಡಿಯವರು. ಓಂಕಾಳಿಗೆ ರೇಡಿಯೋ ಅಂಗಡಿಯೇ ಆಗಬೇಕೆ? ಹುಡುಗಿಗೆ ಪುಸ್ತಕ ಗೊತ್ತು, ಪೇಟೆ ಗೊತ್ತಿಲ್ಲ ಎಂದುಕೊಂಡು ಚಲುವರಾಜುವಿನ ದಿನಸಿ ಅಂಗಡಿಗೆ ಹೋದೆ.

“ಒಂದ್ ಕಿಲೋ ಓಂ ಕೊಡಪ್ಪ.”

ಅವನು ತಕ್ಕಡಿ ಕೆಳಗಿಟ್ಟ. “ಕಿಲೋನಾ? ಐವತ್ ಗ್ರಾಂ ತಕಂಡೋದೋರು ಮತ್ತೆ ವರ್ಷದ ಮ್ಯಾಲೆ ಬತ್ತಾರೆ ಕಣವ್ವೋ. ಯಾರ್ಗೆ ಏನಾಗದೆ?”

“ಮೊಮ್ಮಗಳಿಗೆ ಪರೀಕ್ಷೆ.”

“ಇಡೀ ಕಾಲೇಜಿಗೇ ಹೊಟ್ಟೆ ಕೆಟ್ಟದಾ?”

“ಕೇಳಿದ್ದ ಕೊಡ್ಲಾ. ತಂದ ಮಾತ ದಾರೀಲಿ ಬದ್ಲಾಯಿಸೋಳಲ್ಲ ನಾನು.”

ಅವನಲ್ಲಿ ಅಷ್ಟು ಇರಲಿಲ್ಲ. ಆಚೀಚೆ ಅಂಗಡಿಗಳಿಂದಲೂ ತರಿಸಿ ನೂರು ಗ್ರಾಮಿನ ಪೊಟ್ಟಣ ಹತ್ತು ಜೋಡಿಸಿದ. ಒಂದೊಂದನ್ನೂ ತೂಗಿಸಿದೆ. ಒಂದರಲ್ಲಿ ಚಿಟಿಕೆಯಷ್ಟು ಕಮ್ಮಿ ಬಂತು, ಹಾಕಿಸಿಕೊಂಡೆ. ಗೆದ್ದ ಸಂತೋಷದಲ್ಲಿ ಬಸ್ಸು ಹತ್ತಿದೆ.

ಮನೆಗೆ ಬಂದರೆ ಅರ್ಪಿತ ಬಾಗಿಲಲ್ಲೇ ನಿಂತು ಅಂಗೈ ಚಾಚಿದಳು. ಆ ಅಂಗೈಗೆ ನಾನು ಚೀಲ ನೇತುಹಾಕಿದೆ.

“ಏನಜ್ಜಿ ಇದು?”

“ಕಿಲೋ ಓಂ. ಬೇಕಾದ್ರೆ ತೂಗಿ ನೋಡು.”

ಅವಳು ಒಂದು ಪೊಟ್ಟಣ ಬಿಚ್ಚಿ ಮೂಸಿದಳು. ಜಗಲಿಯಲ್ಲಿ ಕೂತಿದ್ದ ನಮ್ಮ ಯಜಮಾನರು ಶಿವಲಿಂಗಯ್ಯನವರು, “ಗಮ ಚೆನ್ನಾಗದೆ,” ಎಂದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಯಂತ್ರ ಆಗಲೂ ಕೂಗಲಿಲ್ಲ.

“ಅಜ್ಜಿ, ನಾ ಕೇಳಿದ್ದು ರೆಸಿಸ್ಟರು. ಯಂತ್ರದೊಳಗೆ ಇದ್ದುದ್ದು ಸುಟ್ಟೋಗದೆ.”

“ಆ ಹೆಸ್ರು ನಿನ್ ಬಾಯಲ್ಲಿ ಬರ್ಲೇ ಇಲ್ವಲ್ಲ ಮಗ.”

“ಓಂ ಅಂದ್ಮೇಲೆ ಅದೇ ಅಲ್ವಾ?”

“ಓಂ ಅಂದ್ರೆ ಒಂದು ಶಿವ, ಇಲ್ಲಾ ಕಾಳು. ಮೂರ್ನೇದು ನಂಗೆ ಗೊತ್ತಿಲ್ಲ.”

“ಕರೆಂಟು ಓಡೋ ದಾರೀಲಿ ಎಷ್ಟು ಅಡ್ಡಿ ಅದೆ ಅಂತ ಅಳೆಯೋ ಅಳತೆ ಅಜ್ಜಿ ಅದು. ಓಂ ಜಾಸ್ತಿ ಆದಷ್ಟೂ ಅಡ್ಡಿ ಜಾಸ್ತಿ.”

“ಅಂಗನ್ನು ಮತ್ತೆ. ನಿಮ್ಮ ತಾತ ಒಂದು ಮೆಗಾ ಓಂ.”

ಹುಡುಗಿ ಅಳುವಿನ ಮಧ್ಯೆಯೇ ನಕ್ಕಳು. ಯಜಮಾನರು ನಗಲಿಲ್ಲ. ಆ ಮಾತನ್ನು ಮಡಿಚಿ ಎತ್ತಿಟ್ಟುಕೊಂಡರು ಎಂದು ಆಮೇಲೆ ಗೊತ್ತಾಯಿತು.

ಮುಂದಿನ ಬಸ್ಸಿಗೆ ಇಬ್ಬರೂ ಪೇಟೆಗೆ ಹೊರಟೆವು. ಈ ಸಲ ಪಾಷಾ ಅಂಗಡಿಯಲ್ಲಿದ್ದರು. ಅರ್ಪಿತ ಕೇಳಿದ್ದಕ್ಕೆ ತಗಡಿನ ಡಬ್ಬಿಗಳನ್ನೆಲ್ಲ ಅಲ್ಲಾಡಿಸಿ ನೋಡಿದರು.

“ಕಿಲೋದು ಖಾಲಿ ಬೇಟಿ. ಸೋಮ್ವಾರ ಮೈಸೂರಿಂದ ಬರ್ತದೆ.”

ನಮಗೆ ಬೇಕಾಗಿದ್ದದ್ದು ಶನಿವಾರಕ್ಕೆ. ಅರ್ಪಿತಳ ಮುಖ ಬಾಡಿತು. ಪಾಷಾ ಇನ್ನೊಂದು ಡಬ್ಬಿ ತೆಗೆದು ಒಂದು ಸಾಮಾನನ್ನು ನನ್ನ ಅಂಗೈ ಮೇಲೆ ಹಾಕಿದರು. “ಇದು ನೂರು ಓಂದು. ಇದು ಬೇಕಾದಷ್ಟಿದೆ.”

ಕನ್ನಡಕ ಸರಿಮಾಡಿಕೊಂಡು ನೋಡಿದೆ. ಬಳೆ ತೊಟ್ಟ ಅಕ್ಕಿಕಾಳಿನ ಹಾಗಿತ್ತು. ಆ ಕಡೆ ಒಂದು, ಈ ಕಡೆ ಒಂದು ತಂತಿಯ ಬಾಲ. ಕೈಯಲ್ಲಿದೆ ಎಂದೇ ಗೊತ್ತಾಗಲಿಲ್ಲ.

“ಇದು ನೂರಾ? ತೂಕ ಎಲ್ಲಿ ಸಾಯೇಬ್ರೆ?”

“ಇದಕ್ಕೆ ತೂಕ ಇಲ್ಲ ಅಮ್ಮಾ.”

“ತೂಕ ಇಲ್ದಿರೋದ ಕಿಲೋ ಲೆಕ್ಕದಲ್ಲಿ ಮಾರೋರು ಈ ಪ್ಯಾಟೇಲಿ ನೀವೊಬ್ರೇ.”

“ಮೈಸೂರಲ್ಲೂ ಹಿಂಗೇ ಮಾರ್ತಾರೆ ಅಮ್ಮಾ,” ಎಂದರು, ಬೇಸರವಿಲ್ಲದೆ.

“ಏನಾರ ಮಾಡ್ಕಳಿ. ಕಿಲೋ ಇಲ್ದಿದ್ರೆ ನೂರರವು ಹತ್ತು ಕಟ್ಕೊಡಿ. ಚಲುವರಾಜು ಅಂಗೇ ಕೊಟ್ಟ.”

ಇಬ್ಬರೂ ನನ್ನ ಮುಖ ನೋಡಿದರು.

“ಅದಕ್ಕೇ ಅಲ್ವಾ ಅಮ್ಮಾ ನಾನು ಈ ಡಬ್ಬಿ ತೆಗೆದಿದ್ದು,” ಎಂದರು ಪಾಷಾ.

“ನಾನೂ ಅದ್ನೇ ಅನ್ಕೋತಿದ್ದೆ ಅಜ್ಜಿ,” ಎಂದಳು ಅರ್ಪಿತ.

ಅನ್ಕೊಂಡವರು ಎಷ್ಟು ಜನವಾದರೂ ಇರಲಿ, ಬಾಯಿ ಬಿಟ್ಟವಳು ನಾನು ತಾನೆ!

ಮನೆಗೆ ಬಂದು ಅರ್ಪಿತ ಒಂದರ ಬಾಲಕ್ಕೆ ಇನ್ನೊಂದರ ಬಾಲ ಬೆಸೆದಳು. ಹಾಗೆ ಸಾಲಾಗಿ ನಿಲ್ಲಿಸಿದರೆ ಅಡ್ಡಿ ಕೂಡುತ್ತಾ ಹೋಗುತ್ತದಂತೆ, ನೂರು ನೂರು ಸೇರಿ ಸಾವಿರ, ಸಾವಿರ ಅಂದರೆ ಕಿಲೋ. ಆಮೇಲೆ ಚೊಂಬಿನ ನೀರಿಗೆ ಎರಡು ತಂತಿ ಅದ್ದಿದಳು. ಯಂತ್ರ ಕುಯ್ ಎಂದಿತು. ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು. ಹುಡುಗಿ ಆಮೇಲೆ ಎರಡು ರೊಟ್ಟಿ ತಿಂದಳು, ಓಂಕಾಳಿಲ್ಲದೆ.

ಶನಿವಾರ ಪರೀಕ್ಷೆಯಲ್ಲೂ ಅದು ಕೂಗಿತು. ಪರೀಕ್ಷೆಗೆ ಬಂದಿದ್ದ ಮೇಷ್ಟ್ರು, “ಒಂದು ಹಾಕೋ ಕಡೆ ಹತ್ತು ಯಾಕಮ್ಮ?” ಎಂದರಂತೆ. “ಕಿಲೋ ಸಿಗ್ಲಿಲ್ಲ ಸಾರ್, ನಮ್ಮಜ್ಜಿ ನೂರರ ಪೊಟ್ಟಣ ಹತ್ತು ಕೊಡುಸುದ್ರು,” ಎಂದಳಂತೆ. ಅವರು ನಕ್ಕು ನಂಬರು ಹಾಕಿದರಂತೆ.

ಇನ್ನು ನನ್ನನ್ನು ಹಿಡಿಯುವವರು ಯಾರು? ಆ ಸಂಜೆ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮನನ್ನು ಕೂರಿಸಿಕೊಂಡು ಪಾಠ ಶುರುಮಾಡಿದೆ. “ನೋಡು ಪುಟ್ಟಲಕ್ಷ್ಮಿ, ಸಾವಿರ ಓಂ ಅಂದ್ರೆ ಒಂದು ಕಿಲೋ ಓಂ. ಸಾವಿರ ಕಿಲೋ ಓಂ ಅಂದ್ರೆ ಒಂದು ಮೆಗಾ ಓಂ. ಇದೆಲ್ಲ ಕರೆಂಟಿನ ಇಸ್ಯ, ಎಲ್ರಿಗೂ ಗೊತ್ತಾಗಕಿಲ್ಲ.”

ಯಜಮಾನರು ಜಗಲಿಯಿಂದ ಕೆಮ್ಮಿದರು. “ಅಮ್ಮಿ, ಒಂದು ಮೆಗಾ ಓಂ ಅಂದ್ರೆ ನಾನೇ ಅಂತ ನೀನು ಅಂದಿದ್ದೆ ಅಲ್ವಾ?”

“ಅಂದಿದ್ದೆ.”

“ಒಂದು ಕಿಲೋ ತಂದು ಮನೇಲಿ ಮಡಗಿದ್ದೀಯ. ಇನ್ನು ಒಂಬೈನೂರ ತೊಂಬತ್ತೊಂಬತ್ತು ಕಿಲೋ ತಂದ್ರೆ ನನ್ ಸಮಕ್ಕೆ ಬತ್ತೀಯ. ಚಲುವರಾಜುಗೆ ಲಾರಿ ಕಳ್ಸು ಅಂತ ಏಳ್ಲಾ?”

ಪುಟ್ಟಲಕ್ಷ್ಮಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಅರ್ಪಿತ ಒಳಗೆ ಓಡಿಹೋದಳು.

ಊರಿನ ಮಾತನ್ನೆಲ್ಲ ಹಿಡಿದ ಈ ಕಿವಿಗೆ ಆ ಮಾತೊಂದು ಮಾತ್ರ ಬೀಳಲಿಲ್ಲ. ಮೊರ ತೆಗೆದುಕೊಂಡು ಒಂದು ಪೊಟ್ಟಣ ಸುರಿದು, ಓಂಕಾಳಿನಲ್ಲಿ ಕಲ್ಲು ಆರಿಸುತ್ತಾ ಕೂತೆ.