ಚಿನ್ನದ ಊರಿನ ಖಾಯಂ ನಿವಾಸಿ

ನಮ್ಮ ಕಾಕಾ ದಕ್ಷಿಣ ಒಂಟೇರಿಯೋದ ಮಿಲ್ಟನ್ನಿನಲ್ಲಿ ವಾಸವಾಗಿದ್ದಾರೆಂದು ಕೆನಡಾ ಸರ್ಕಾರ ನಂಬಿದೆ. ಕಾಕಾ ನಂಬಿಲ್ಲ! ಮಗನ ಮನೆಯ ಬೇಸ್‌ಮೆಂಟಿಗೆ ಬಂದು ಎಷ್ಟೋ ವರ್ಷವಾದರೂ ಅವರ ಪಾಲಿಗೆ ಮಿಲ್ಟನ್ ಎಂದರೆ ಬಸ್ಸು ಕಾಯುವ ಜಾಗ. ಅವರ ಊರು ಉತ್ತರ ಒಂಟೇರಿಯೋದಲ್ಲಿದೆ. ಯಾರಿಗೋ ಕಾಡಿನಲ್ಲಿ ಚಿನ್ನ ಸಿಕ್ಕಿ, ದೇಶದ ಜನವೆಲ್ಲ ಗುದ್ದಲಿ ಹಿಡಿದು ಓಡಿಬಂದದ್ದರಿಂದ ಹುಟ್ಟಿದ ಊರು. ಹುಬ್ಬಳ್ಳಿಯ ನಮ್ಮ ಕಾಕಾ ಅಲ್ಲಿನ ಗಣಿಯಲ್ಲಿ ಎಂಜಿನಿಯರಾಗಿ ರಿಟೈರ್ ಆದವರು.

ದಿನಾ ಬೆಳಗ್ಗೆ ಫೋನಿನಲ್ಲಿ ನೋಡುವುದು ಆ ಊರಿನ ಹವಾಮಾನ. ಅಲ್ಲಿ ಹಿಮ ಬಿದ್ದರೆ ಇಲ್ಲಿ ದಪ್ಪ ಜಾಕೆಟ್ಟು. ಮಿಲ್ಟನ್ನಿನ ಮಂದಿ ಚಡ್ಡಿಯಲ್ಲಿ ಹುಲ್ಲು ಕತ್ತರಿಸುವಾಗ ಕಾಕಾ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ವಾಕಿಂಗ್ ಹೋಗುತ್ತಾರೆ. ಪಕ್ಕದ ಮನೆಯಾತ "ನಿಮ್ಮದು ಯಾವ ಊರು?" ಎಂದು ಕೇಳಿದರೆ ಚಿನ್ನದ ಊರಿನ ಹೆಸರು ಹೇಳುತ್ತಾರೆ. "ಅಲ್ಲ, ಮೂಲ ಎಲ್ಲಿ?" ಎಂದರೆ ಆ ಊರಿನ ಓಣಿಯ ಹೆಸರು!

ಕಳೆದ ಬೇಸಿಗೆಯಲ್ಲಿ ಆ ಊರು ತನ್ನ ಹುಟ್ಟುಹಬ್ಬ ಮಾಡಿಕೊಂಡಿತು. ಹಳೆಯ ನಿವಾಸಿಗಳೆಲ್ಲ ಬಂದು ಮೆರವಣಿಗೆಯಲ್ಲಿ ನಡೆಯಬೇಕೆಂದು ಕರೆ. ಕಾಕಾ ತಕ್ಷಣ ನನ್ನನ್ನು ಡ್ರೈವರಾಗಿ ನೇಮಿಸಿದರು. ನನ್ನ ಒಪ್ಪಿಗೆ ಯಾರು ಕೇಳಿದರು?

"ಊರ ಬಿಟ್ಟು ಯಾವ ಕಾಲ ಆತು. ನಿಮ್ಮನ್ನ ಯಾರು ಗುರ್ತ ಹಿಡೀತಾರ್ರೀ?" ಎಂದರು ಕಾಕಾನ ಹೆಂಡತಿ, ನಮ್ಮ ಕಾಕು.

"ಇಡೀ ಊರ ಹಿಡೀತದ!"

"ದಿನಾ ನೆಲದಾಗ ಇಳದು ಕೂತಿದ್ರಿ. ಮ್ಯಾಲಿನ ಮಂದಿಗೆ ನಿಮ್ಮ ಮಾರಿ ಹ್ಯಾಂಗ ಗೊತ್ತಿರ್ತದ?"

ಮಾತು ನಾಟಿತು. ಕಾಕಾ ಅಂದು ಸರಿಯಾಗಿ ಊಟ ಮಾಡಲಿಲ್ಲ. ಆದರೆ ಎಂಜಿನಿಯರಲ್ಲವೇ, ಉಪಾಯ ಹುಡುಕಿದರು: ಗಣಿಯ ಹಳೆಯ ಹೆಲ್ಮೆಟ್ಟು. ಮೆರವಣಿಗೆಯ ದಿನ ಮಟಮಟ ಮಧ್ಯಾಹ್ನ ಹಣೆಯ ಮೇಲೆ ದೀಪ ಹೊತ್ತಿಸಿಕೊಂಡು ಹೊರಟರು. ಹಿಂದೆ ಕಾಕು, ನಾನು. ಎರಡೂ ಬದಿಯ ಜನಕ್ಕೆ ಕಾಕಾ ಕೈ ಬೀಸಿದ್ದೇ ಬೀಸಿದ್ದು. ಜನವೂ ಬೀಸಿದರು. ನಮ್ಮ ಹಿಂದೆ ಬಂದ ಫೈರ್ ಇಂಜಿನ್ನಿಗೂ ಅಷ್ಟೇ ಪ್ರೀತಿಯಿಂದ ಬೀಸಿದರು.

ಕೊನೆಗೊಬ್ಬ ಓಡಿಬಂದು "ಫೋಟೋ?" ಎಂದ.

"ನೋಡಿದ್ಯಾ ತಮ್ಮಾ, ಗುರ್ತ ಹಿಡದಾ!" ಎಂದು ಕಾಕಾ ಹೆಲ್ಮೆಟ್ಟು ಸರಿಮಾಡಿಕೊಂಡರು. ಆತ ಫೋನನ್ನು ಅವರ ಕೈಗಿಟ್ಟು ತನ್ನ ಹೆಂಡತಿ ಮಕ್ಕಳ ಜೊತೆ ಹೋಗಿ ನಿಂತ. ಕಾಕಾ ಫೋಟೋ ತೆಗೆದುಕೊಟ್ಟರು. ಆಮೇಲೆ ದೀಪ ಆರಿಸಿದರು. ನಾನು ನಗಬೇಕಿತ್ತು, ಆಗಲಿಲ್ಲ.

ಮೆರವಣಿಗೆ ಮುಗಿಯುವ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದ ಬಿಳಿಯ ಮುದುಕಿಯೊಬ್ಬಳು ತಟ್ಟನೆ ಎದ್ದಳು. ಕಾಕಾನನ್ನು ದಾಟಿಕೊಂಡು ಬಂದು, ಕಾಕುವಿನ ಹೆಸರು ಕೂಗಿ ತಬ್ಬಿಕೊಂಡಳು. ಇಬ್ಬರೂ ಅಳತೊಡಗಿದರು. ಗಣಿಯಲ್ಲಿ ನಿಮ್ಮಪ್ಪ ಸತ್ತಾಗ ಚಳಿಗಾಲ ಪೂರ್ತಿ ನಿಮಗೆಲ್ಲ ಉಣ್ಣಿಸಿದವಳು ಇವಳೇ ಎಂದು ಮುದುಕಿ ತನ್ನ ಮಕ್ಕಳನ್ನು ಕರೆದು ಕರೆದು ಹೇಳಿದಳು.

ಕಾಕಾ ಹೆಲ್ಮೆಟ್ಟು ತೆಗೆದರು. "ನಾ ಶಿಫ್ಟಿನ್ಯಾಗ ಇರ್ತಿದ್ದೆ. ಇಕಿ ಒಂದ ಮಾತು ನನಗ ಹೇಳಿಲ್ಲೋ ತಮ್ಮಾ," ಎಂದರು.

ಅಷ್ಟರಲ್ಲಿ ಮುದುಕಿಯ ಬಳಗವೆಲ್ಲ ಕಾಕುವನ್ನು ಮುತ್ತಿಕೊಂಡಿತ್ತು. ಕಾಕಾ ಹೋಗಿ ಕಾಕುವಿನ ವ್ಯಾನಿಟಿ ಬ್ಯಾಗು ಹಿಡಿದುಕೊಂಡು ಪಕ್ಕದಲ್ಲಿ ನಿಂತರು. ಯಾರೋ ಒಬ್ಬರು ಅವರತ್ತ ತಿರುಗಿ, ನೀವು ಯಾರು ಎಂದು ಕೇಳಿದರು.

"ಐ ಆಮ್ ಹರ್ ಹಸ್ಬೆಂಡ್," ಎಂದರು ಕಾಕಾ.