ಯಾರೂ ಹಾಡದ ಹಾಡು

ಟ್ರೂಮನ್ ವಾಸೆಕ್ ಮೂರು ತಿಂಗಳು ಬೆವರು ಸುರಿಸಿ ಕಲಿತಿದ್ದ ಪ್ರೇಮಗೀತೆಯನ್ನು ಆ ಶನಿವಾರ ಬೆಳಿಗ್ಗೆ ಷಿಕಾಗೋದ ಹೋಟೆಲಿನ ಲಿಫ್ಟಿನಲ್ಲಿ ಇನ್ನೊಬ್ಬ ಹುಡುಗ ಗುನುಗುತ್ತಿದ್ದ. ಒಂಬತ್ತನೆಯ ಮಹಡಿಯಲ್ಲಿ ಇಳಿದರೆ, ಕಾರಿಡಾರಿನಲ್ಲಿ ಇನ್ನೂ ನಾಲ್ವರು ಅದನ್ನೇ ಹಾಡಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಸಂಗೀತ ನಾಟಕದ ಪದವಿಗೆಂದು ಅವನು ಅರ್ಜಿ ಹಾಕಿದ್ದ ಏಳು ಕಾಲೇಜುಗಳಲ್ಲಿ ಆರು ಆಗಲೇ ಇಲ್ಲವೆಂದುಬಿಟ್ಟಿದ್ದವು. ಇವತ್ತು ಈ ಹೋಟೆಲಿನಲ್ಲಿ ಹಾಡಿಸಿ ಪರೀಕ್ಷೆ ಮಾಡುತ್ತಿದ್ದುದು ಕೊನೆಯ ಕಾಲೇಜು. ಇದೂ ಹೋದರೆ ಚಿಕ್ಕಪ್ಪ ಡ್ವೈಟನ ಕಾರ್ಪೆಟ್ ಅಂಗಡಿಯೇ ಗತಿ.

"ಅಮ್ಮ, ಎಲ್ರೂ ನನ್ ಹಾಡೇ ಹಾಡ್ತಿದಾರೆ!"

"ನೀನು ಇನ್ನೂ ಚೆನ್ನಾಗಿ ಹಾಡು," ಎಂದು ತಾಯಿ ಲೋರ್ನಾ ಅವನ ಕೋಟಿನ ಮೇಲಿಲ್ಲದ ಧೂಳನ್ನು ಕೊಡವಿದಳು.

ಪಕ್ಕದ ಕುರ್ಚಿಯಲ್ಲಿದ್ದ ಯಾರದೋ ತಾಯಿ ಕೇಳದೆಯೇ ಬಾಯಿ ಹಾಕಿದಳು. "ಬೇಜಾರು ಮಾಡ್ಕೋಬೇಡಿ, ನಿಮ್ ಹುಡುಗನ ಮುಖಕ್ಕೆ ಪ್ರೇಮ ಒಪ್ಪಲ್ಲ. ನಗಿಸೋ ಹಾಡು ಹಾಡ್ಸಿ."

ಟ್ರೂಮನ್ ಹೆದರಿ ಹಾಡಿನ ಮೇಡಂ ಮಿಸೆಸ್ ಹ್ಯಾಡ್ಲಿಗೆ ಫೋನು ಹಚ್ಚಿದ.

"ಅಯ್ಯೋ ಮಗೂ, ಆವತ್ತೇ ಹೇಳ್ಲಿಲ್ವಾ? ಯಾರೂ ಹಾಡದ್ದನ್ನ ಹಾಡು. ನಿನ್ನ ಫೈಲಿನ ಕೊನೇಲಿ ಮೀನುಗಾರ ಹುಡುಗನ ಹಾಡಿದೆ ನೋಡು. ವಯಸ್ಸಿಗೂ ಹೊಂದತ್ತೆ, ಸರಿಯಾಗಿ ಒಂದು ನಿಮಿಷ. ನಲವತ್ತು ವರ್ಷದ ಹಿಂದೆ ನಾಲ್ಕೇ ದಿನಕ್ಕೆ ನಿಂತುಹೋದ ನಾಟಕದ್ದು. ಭೂಮಿ ಮೇಲೆ ಒಬ್ರಿಗೂ ಗೊತ್ತಿಲ್ಲ!"

ಒಂದು ಗಂಟೆ ಕಾಲ ಅವನು ಹೋಟೆಲಿನ ಶೌಚಾಲಯದಲ್ಲಿ ಆ ಹಾಡನ್ನು ಹಾಡಿ ಹಾಡಿ ಗಟ್ಟಿ ಮಾಡಿಕೊಂಡ. "ಮಾರಾಯ, ನೆಮ್ಮದಿಯಾಗಿ ಕೂರಕ್ಕೂ ಬಿಡಲ್ವಲ್ಲೋ," ಎಂದಿತು ಮುಚ್ಚಿದ ಬಾಗಿಲೊಂದು.

ಕೊನೆಗೂ ಒಳಗಿನಿಂದ ಕರೆ ಬಂತು. ಮೇಜಿನ ಹಿಂದೆ ಗಡಿಯಾರ ಹಿಡಿದ ಒಬ್ಬ ಹೆಂಗಸು, ಪಕ್ಕದಲ್ಲಿ ಒಬ್ಬ ವಯಸ್ಸಾದ ಪ್ರೊಫೆಸರು. ಬೆಳಗಿನಿಂದ ಒಂದೇ ಪ್ರೇಮಗೀತೆಯನ್ನು ಹನ್ನೊಂದು ಸಲ ಕೇಳಿ ಅವರ ತಲೆ ಎದೆಯ ಮೇಲೆ ವಾಲಿತ್ತು. ಟ್ರೂಮನ್ ಹಾಳೆಯನ್ನು ಪಿಯಾನೋದವನಿಗೆ ಕೊಟ್ಟ. ಮೊದಲ ಸ್ವರಗಳಿಗೇ ಪ್ರೊಫೆಸರರ ಕಣ್ಣು ತೆರೆಯಿತು.

ಟ್ರೂಮನ್ ಮೊದಲ ಸಾಲು ಹಾಡಿದ. ಎರಡನೆಯ ಸಾಲು ಮೇಜಿನ ಆಚೆಯಿಂದ ಬಂತು.

ಮುದುಕರು ಎದ್ದು ನಿಂತಿದ್ದರು. ಕಣ್ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಗೋಡೆ ಅದುರುವ ಹಾಗೆ ಹಾಡುತ್ತಿದ್ದರು. ಟ್ರೂಮನ್ ಬಾಯಿ ಮುಚ್ಚಿಕೊಂಡ. ಅಂಥ ಹಾಡಿಗೆ ಅಡ್ಡ ಬರಲು ಅವನಿಗೆ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ಅವನ ಕಣ್ಣೂ ತುಂಬಿತ್ತು.

ಗಡಿಯಾರ ಕಿರ್ರೆಂದಿತು.

"ನಾಲ್ಕೇ ದಿನ," ಎಂದು ಮುದುಕರು ಕುಸಿದು ಕೂತು ಬಿಕ್ಕಿದರು. "ಇಪ್ಪತ್ತೆರಡು ವರ್ಷ ನಂಗಾಗ. ಆ ಮೀನುಗಾರ ನಾನೇ ಕಣಯ್ಯಾ."

"ಸಮಯ ಮುಗೀತು. ಥ್ಯಾಂಕ್ಸ್," ಎಂದಳು ಹೆಂಗಸು.

"ಮೇಡಂ, ನಾನಿನ್ನೂ ಹಾಡೇ ಇಲ್ಲ..."

"ಎಲ್ರಿಗೂ ಒಂದೇ ನಿಮಿಷ ಕಣಪ್ಪಾ. ನೆಕ್ಸ್ಟ್!"

ಟ್ರೂಮನ್ ಬಾಗಿಲು ತೆರೆದು ಹೊರಬಂದ. ಇಡೀ ಕಾರಿಡಾರು ಎದ್ದು ಚಪ್ಪಾಳೆ ತಟ್ಟಿತು. "ಎಂಥಾ ಕಂಠ ಕಣೋ ನಿಂದು!" ಎಂದ ಲಿಫ್ಟಿನಲ್ಲಿ ಗುನುಗುತ್ತಿದ್ದ ಹುಡುಗ. ಮುಖ ಒಪ್ಪಲ್ಲ ಎಂದಿದ್ದಾಕೆ ಬಂದು ಅವನ ಕೈ ಹಿಡಿದು ಕ್ಷಮೆ ಕೇಳಿದಳು.

ಲೋರ್ನಾ ಅಳುತ್ತ ಆಗಲೇ ಫೋನಿನಲ್ಲಿದ್ದಳು. "ಡ್ವೈಟ್, ಬಾಗಿಲಾಚೆಗೂ ಕೇಳಿಸ್ತು! ಸೀಟು ಸಿಕ್ಕ ಹಾಗೇನೇ. ಅಂಗಡೀಲಿ ಇವನಿಗಿಟ್ಟಿದ್ದ ಕೆಲಸಕ್ಕೆ ಆ ಇನ್ನೊಬ್ಬ ಹುಡುಗನ್ನ ಇವತ್ತೇ ಸೇರಿಸ್ಕೊಂಡ್ಬಿಡು."

"ಅಮ್ಮ, ಅದು ನಾನಲ್ಲ..." ಎಂದು ಟ್ರೂಮನ್ ಬಾಯಿ ತೆರೆದ.

ಲೋರ್ನಾ ಅವನ ತುಟಿಯ ಮೇಲೆ ಬೆರಳಿಟ್ಟಳು. "ಮಾತಾಡ್ಬೇಡ ಚಿನ್ನ. ಗಂಟಲು ಜೋಪಾನ."