ಬೇಕರಿಯವರ ಬೇಸ್ ಗಿಟಾರಿಗೆ ಪಾಲಿಶ್

ಮರದ ಸಾಮಾನಿನ ವಿಷಯದಲ್ಲಿ ತನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲವೆಂದು ಪಾಲಿಶ್ ಕೆಲಸದವನು ಎದೆ ತಟ್ಟಿಕೊಳ್ಳುತ್ತಿದ್ದ. ಹಾಗಾಗಿ ಮಗಳು ಹಳೆಯ ಬೇಸ್ ಗಿಟಾರೊಂದು ಬೇಕೆಂದಾಗ, ದಂಡಿಗೆ ಹೊರಟ ಸೇನಾಪತಿಯಂತೆ ಮುಂದೆ ನಡೆದವನು ಅವನೇ!

ಗಿಟಾರ್ ಬೇಕರಿಯವರದು. ಪ್ರಾಯದಲ್ಲಿ ನುಡಿಸುತ್ತಿದ್ದರಂತೆ, ಈಗ ಹಿಟ್ಟಿನ ಮೂಟೆಗಳ ಹಿಂದೆ ಬಿದ್ದಿತ್ತು.

“ಇದೇನ್ ಸ್ವಾಮಿ, ಗಿಟಾರೋ, ಬೆಕ್ಕು ಪರಚಿದ ಹಲಗೆಯೋ?”

“ಅದಕ್ಕೇ ಅಲ್ವೇ ಅಗ್ಗಕ್ಕೆ ಕೊಡ್ತಿರೋದು?” ಎಂದರು ಬೇಕರಿಯವರು, ನಾಚಿಕೊಂಡು.

“ಮನೆಗೆ ಒಯ್ದು ನೋಡ್ತೀನಿ. ಭಾನುವಾರ ಹೇಳ್ತೀನಿ.”

ಮನೆಯಲ್ಲಿ ಮಗಳು ಅದನ್ನು ಸ್ಪೀಕರಿಗೆ ಸಿಕ್ಕಿಸಿ ಮೀಟಿದಳು. ದನಿ ಎದೆಗೂಡಿನೊಳಗೇ ಗುಂಯ್ ಎಂದಿತು.

“ಅಪ್ಪಾ, ಇವತ್ತೇ ದುಡ್ಡು ಕೊಟ್ಟುಬಿಡು. ಸ್ವಂತದ್ದು ಇದ್ರೇನೇ ಗೆಳತಿಯರ ಬ್ಯಾಂಡ್ ತಂಡಕ್ಕೆ ಸೇರಿಸ್ಕೊಳ್ಳೋದಂತೆ.”

“ಸುಮ್ನಿರೆ! ಆಸೆ ತೋರಿಸಬಾರದು. ಬೆಲೆ ಇನ್ನೂ ಇಳಿಸ್ತೀನಿ, ನೋಡ್ತಿರು!”

ಆಸೆಯನ್ನೇನೋ ಮುಚ್ಚಿಟ್ಟ, ಕೈಯನ್ನು ಕಟ್ಟಿಹಾಕಲಾಗಲಿಲ್ಲ. ಒಂದು ಗೀರು ಕಣ್ಣು ಚುಚ್ಚುತ್ತಿತ್ತು. ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದ. ಅದು ಹೋಯಿತು, ಪಕ್ಕದ್ದು ಹಲ್ಲು ಕಿರಿಯಿತು. ಅದನ್ನೂ ಉಜ್ಜಿದ. ಆಮೇಲೆ ತಂತಿ ಬಿಚ್ಚಿ, ಬಣ್ಣ ಕೊಟ್ಟು, ಮೆರುಗೆಣ್ಣೆ ಬಳಿದು, ಒಣಗಿಸಿ, ಮತ್ತೆ ತಂತಿ ಬಿಗಿದಾಗ ಗಿಟಾರಿನಲ್ಲಿ ಅವನ ಮೀಸೆಯ ಬಿಳಿಗೂದಲೂ ಕಾಣುತ್ತಿತ್ತು!

“ಇನ್ನೂ ಕೊಂಡೇ ಇಲ್ವಲ್ರೀ!” ಎಂದಳು ಹೆಂಡತಿ.

“ಮರದ ಮರ್ಮ ನಿನಗೆ ತಿಳಿಯಲ್ಲ ಬಿಡು.”

ಸರಕು ಮುಂದಿಟ್ಟು, ಒಂದೊಂದೇ ದೋಷಕ್ಕೆ ಬೆರಳಿಟ್ಟು ಬೆಲೆ ಇಳಿಸುವುದು ಅವನ ಪದ್ಧತಿ. ಭಾನುವಾರ ಗಿಟಾರನ್ನು ಹೊತ್ತುಕೊಂಡೇ ಬೇಕರಿಗೆ ಹೋದ. ಹೊದಿಸಿದ ಬಟ್ಟೆ ಸರಿಸಿ ಬೆರಳು ಎತ್ತಿದಾಗಲೇ ಹೊಳೆಯಿತು: ಬೆರಳಿಡಲು ಒಂದು ದೋಷವನ್ನೂ ತಾನು ಉಳಿಸಿಲ್ಲ!

“ಅಯ್ಯೋ, ಇದು ನಂದೇನಾ?” ಬೇಕರಿಯವರು ಗಿಟಾರನ್ನು ಎತ್ತಿ ಎದೆಗವಚಿಕೊಂಡರು. “ಕ್ಷಮಿಸಿ ಯಜಮಾನ್ರೇ, ಮಾರೋ ಮನಸ್ಸೇ ಹಾರಿಹೋಯ್ತು.”

“ಕೇಳಿದಷ್ಟೇ ಕೊಡ್ತೀನಿ! ಬೇಕಾದ್ರೆ ಎರಡರಷ್ಟು!”

“ದುಡ್ಡಿನ ಮಾತಲ್ಲ. ನಿಮ್ಮ ಕೂಲಿ ಹೇಳಿ.”

ಕೂಲಿ ಬೇಡವೆಂದು ಕೈಯಾಡಿಸಿದ. ಅವರು ತುರುಕಿದ ಬನ್ನಿನ ಪೊಟ್ಟಣ ಹಿಡಿದು ಮನೆಗೆ ಬಂದರೆ, ಬಾಗಿಲಲ್ಲೇ ಮಗಳು. ಹಿಂದೆ ತಂಡದ ಗೆಳತಿಯರೆಲ್ಲ! ನೆಲ ನೋಡುತ್ತಾ ನಡೆದದ್ದನ್ನು ಹೇಳಿಬಿಟ್ಟ.

“ಮದುಮಗಳಿಗೆ ಶೃಂಗಾರ ಮಾಡಿ ತವರಲ್ಲೇ ಬಿಟ್ಟು ಬಂದ್ರಾ?” ಎಂದಳು ಹೆಂಡತಿ.

“ಹಾಗಾದ್ರೆ ನಾವು ಬೇರೆ ಯಾರನ್ನಾದ್ರೂ ನೋಡ್ಕೋತೀವಿ ಕಣೇ,” ಎಂದಳು ಗೆಳತಿಯೊಬ್ಬಳು.

ಮಗಳು ಅಳಲೂ ಇಲ್ಲ, ಬೈಯಲೂ ಇಲ್ಲ. ಪೊಟ್ಟಣ ಬಿಚ್ಚಿ ಗೆಳತಿಯರಿಗೆಲ್ಲ ಬನ್ನು ಹಂಚಿದಳು. ಉಳಿದ ಒಂದನ್ನು ಅಪ್ಪನ ಕೈಗಿಟ್ಟಳು.

“ತಿನ್ನಪ್ಪಾ. ಪಾಪ, ಅಷ್ಟೊಂದು ದುಡಿದಿದೀಯ.”